ಜಾಲರಿಯಲ್ಲಿ ಸಿಕ್ಕ ಹನ್ನೊಂದು ಪತ್ರಗಳು

ಆ ಸೋಮವಾರ ನಾನು ಜಮಖಂಡಿಯಿಂದ ಬನಹಟ್ಟಿಗೆ ಬಸ್ಸಿನಲ್ಲಿ ಬಂದಿಳಿದು ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ರವಾನೆ ವಿಭಾಗದ ಹಿರಿಯ ಗುಮಾಸ್ತರು ಬಾಗಿಲಲ್ಲೇ ಕಾಯುತ್ತಿದ್ದರು. ಬಗಲಲ್ಲಿ ಛತ್ರಿ, ಕೈಯಲ್ಲಿ ಖಾಲಿ ಕಾಗದ.

"ಮೇಡಮ್, ನಿಮ್ಮ ಮೇಲ್ ಮಷೀನ್ ಮತ್ತ ಮಲಗೇತ್ರಿ. ಡಿಸೈನಿಗೆ ಪುಣೆದವರ ಒಪ್ಪಿಗಿ ಬಂದೈತೋ ಇಲ್ಲೋ ದೇವರಿಗೇ ಗೊತ್ತು. ಅಲ್ಲಿ ಮಗ್ಗದವರು ಕೈ ಕಟ್ಕೊಂಡು ಕುಂತಾರ."

ನಮ್ಮದು ಸೀರೆ ಕಂಪನಿ. ನೂಲಿಗೆ ನಮ್ಮ ಬಣ್ಣದ ಮನೆಯಲ್ಲಿ ನಾವೇ ಬಣ್ಣ ಹಾಕುತ್ತೇವೆ. ಅರ್ಧ ನೇಯ್ಗೆ ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ, ಉಳಿದದ್ದು ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಮನೆಯಲ್ಲೇ ಮಗ್ಗ ಇಟ್ಟುಕೊಂಡವರ ಕೈಯಲ್ಲಿ. ಹೊರಗಿನ ವ್ಯಾಪಾರಿಗಳು ಅಂಚು, ಸೆರಗಿನ ವಿನ್ಯಾಸ ನೋಡಿ ಒಪ್ಪಿಗೆ ಕೊಡುವುದು ಇ-ಮೇಲ್‌ನಲ್ಲಿ. ಒಪ್ಪಿಗೆ ಬರದಿದ್ದರೆ ಮಗ್ಗ ತಿರುಗುವುದಿಲ್ಲ. ಆ ಇ-ಮೇಲ್ ನಡೆಸುವ ಸರ್ವರ್ ನಮ್ಮದೇ. ನೂಲಿನ ಗೋದಾಮಿನ ಪಕ್ಕದ ಸಣ್ಣ ಕೋಣೆಯಲ್ಲಿ, ಬಿಳಿ ಧೂಳು ಮೆತ್ತಿಕೊಂಡು ಕುಳಿತ ಒಂದು ಹಳೆಯ ಯಂತ್ರ. ಅದರ ಉಸ್ತುವಾರಿ ನನ್ನದು.

ಅಂದು ಕೋಣೆಗೆ ಹೋಗಿ ನೋಡಿದರೆ ಎಂದಿನ ಕಥೆಯೇ. ಲಾಟರಿ ಗೆದ್ದಿದ್ದೀರಿ, ಬೊಕ್ಕತಲೆಗೆ ಔಷಧ, ನಿಮ್ಮ ಖಾತೆ ಮುಚ್ಚುತ್ತಿದೆ ಇಲ್ಲಿ ಒತ್ತಿ. ಹೀಗೆ ಬಂದ ಸಾವಿರಾರು ಪತ್ರಗಳನ್ನು ಸರ್ವರ್ ಒಂದೊಂದಾಗಿ ಒಳಗೆ ಕರೆದು, ಬಿಚ್ಚಿ, ಪರೀಕ್ಷಿಸಿ, ಕೊನೆಗೆ ಉಸಿರು ಕಟ್ಟಿ ನಿಂತುಬಿಟ್ಟಿತ್ತು. ನೂರು ಪತ್ರಗಳಲ್ಲಿ ನಮಗೆ ಬೇಕಾದವು ಆರೋ ಏಳೋ. ಉಳಿದ ಕಸವನ್ನು ಒಳಗೆ ತಂದು ಆಮೇಲೆ ಗುಡಿಸುವುದೇ ನಮ್ಮ ಪದ್ಧತಿಯಾಗಿತ್ತು.

ಮ್ಯಾನೇಜರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಯಾವುದೋ ದೊಡ್ಡ ಊರಿನ ಏಜೆನ್ಸಿಯ ಬಣ್ಣದ ಪುಸ್ತಿಕೆ ಇತ್ತು.

"ಇದನ್ನ ಅವರಿಗೆ ಕೊಟ್ಟುಬಿಡೂಣ್ರಿ. ಇದೆಲ್ಲಾ ಇಲ್ಲಿ ಕುಂತು ಮಾಡೂ ಕೆಲಸ ಅಲ್ಲ. ಅದಕ್ಕ ಬ್ಯಾರೆ ಮಂದಿ ಬೇಕು."

"ಬ್ಯಾರೆ ಮಂದಿ ಅಂದ್ರ ಎಂಥವ್ರಿ?" ಎಂದೆ.

ಅವರು ನಕ್ಕರು. ಆ ನಗು ನನ್ನನ್ನು ಚುಚ್ಚಿತು. ಹೆಣ್ಣುಮಗಳು, ಜಮಖಂಡಿಯವಳು, ಟಿಫಿನ್ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬರುವವಳು. ಇಷ್ಟೂ ಆ ನಗುವಿನಲ್ಲಿ ಇತ್ತು.

"ಒಂದು ತಿಂಗಳು ಕೊಡ್ರಿ. ಆಗಲಿಲ್ಲಂದ್ರ ನಾನ ಅವರಿಗೆ ಫೋನ್ ಹಚ್ಚಿ ಕರಸ್ತೇನಿ" ಎಂದು ಎದ್ದು ಬಂದೆ.

ವಿನ್ಯಾಸ ವಿಭಾಗದವರು ಮೂಲೆಗೆ ಎಸೆದಿದ್ದ ಒಂದು ಕಂಪ್ಯೂಟರ್ ಕೇಳಿ ಪಡೆದೆ. ಅದಕ್ಕೆ ಮೆಮೊರಿ ಸಾಲದು. ಮುಧೋಳದ ಅಂಗಡಿಯೊಂದರಲ್ಲಿ ಹೊಂದುವ ಚಿಪ್ ಇದೆ ಎಂದು ಗೊತ್ತಾಗಿ ಹೋದೆ. ಕಬ್ಬಿನ ಹಂಗಾಮು, ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿ ತೆವಳಿ ಅರ್ಧ ದಿನ ಅಲ್ಲೇ ಹೋಯಿತು. ಯಂತ್ರ ಸಿದ್ಧವಾದ ಮೇಲೆ ಅದರಲ್ಲಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶಗಳನ್ನು ಹಾಕಿದೆ.

ನನ್ನ ಲೆಕ್ಕಾಚಾರ ಸರಳ. ಹಳೆಯ ಸರ್ವರಿನ ಮುಂದೆ ಈ ಯಂತ್ರ ಒಂದು ಜಾಲರಿಯಂತೆ ನಿಲ್ಲಬೇಕು. ಜಗತ್ತಿನ ಯಾವುದೇ ಪತ್ರ ಮೊದಲು ಇದರ ಬಾಗಿಲಿಗೆ ಬರಬೇಕು. ಪತ್ರವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಇದು ಪ್ರಶ್ನೆ ಕೇಳಬೇಕು. ಯಾರಿಗೆ ಪತ್ರ? ಆ ಹೆಸರಿನವರು ನಮ್ಮಲ್ಲಿ ಇದ್ದಾರೆಯೇ? ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್ಸು. ಕಳಿಸುತ್ತಿರುವ ಯಂತ್ರ ಹೇಳಿಕೊಳ್ಳುವ ಹೆಸರು ಮತ್ತು ಅದರ ವಿಳಾಸ ಒಂದಕ್ಕೊಂದು ತಾಳೆಯಾಗುತ್ತವೆಯೇ? ಯಾವ ಸಂಸ್ಥೆಯ ಹೆಸರಿನಲ್ಲಿ ಪತ್ರ ಬಂದಿದೆಯೋ ಆ ಸಂಸ್ಥೆ, ಈ ಯಂತ್ರ ನಮ್ಮದೇ ಎಂದು ಬಹಿರಂಗವಾಗಿ ಬರೆದಿಟ್ಟಿದೆಯೇ? ಇಷ್ಟರಲ್ಲೇ ಹೆಚ್ಚಿನ ಕಸ ಉದುರಿಹೋಗುತ್ತದೆ.

ಇನ್ನೊಂದು ಉಪಾಯವಿತ್ತು. ಗುರುತಿಲ್ಲದ ಯಂತ್ರ ಬಂದರೆ "ಈಗ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ" ಎನ್ನುವುದು. ನಿಯತ್ತಿನ ಸರ್ವರ್ ಕಾದು ಮತ್ತೆ ಬರುತ್ತದೆ. ಕಸ ಎರಚುವ ಯಂತ್ರಕ್ಕೆ ಕಾಯುವ ವ್ಯವಧಾನ ಇರುವುದಿಲ್ಲ, ಅದು ಮುಂದಿನ ಮನೆಗೆ ಹೋಗುತ್ತದೆ. ಇಷ್ಟನ್ನೂ ದಾಟಿ ಬಂದ ಪತ್ರದ ಒಳಗನ್ನು ಓದಿ, ಅನುಮಾನಕ್ಕೆ ಒಂದೊಂದು ಅಂಕ ಕೊಡುವುದು ಕೊನೆಯ ಹಂತ. ಅಂಕ ಮಿತಿ ಮೀರಿದರೆ ಪತ್ರ ಒಂದು ತಡೆಕೋಣೆಗೆ ಬೀಳುತ್ತದೆ. ಅದನ್ನು ನಾನು ದಿನಾ ತೆರೆದು ನೋಡಿ, ಕಸವನ್ನು ಎಸೆದು, ಒಳ್ಳೆಯದನ್ನು ಬಿಡಬೇಕು. ತಡೆಕೋಣೆಯಿಂದ ಏನೇ ಬಿಡುವುದಿದ್ದರೂ ತಮಗೆ ತಿಳಿಸಬೇಕು ಎಂದು ಮ್ಯಾನೇಜರು ಹೇಳಿದ್ದರು. ನಾನು ಒಪ್ಪಿದ್ದೆ.

ತಂತ್ರಾಂಶ ಹಾಕುವಾಗ ಒಂದು ಕಡೆ ಪ್ರಶ್ನೆ ಬಂತು: ನಿಮಗೆ ಯಾವ ಭಾಷೆಗಳಲ್ಲಿ ಪತ್ರ ಬರುತ್ತವೆ? ನಾನು ಇಂಗ್ಲಿಷ್ ಎಂದು ಗುರುತು ಹಾಕಿ ಮುಂದೆ ಹೋದೆ.

ಭಾನುವಾರ ಮಧ್ಯಾಹ್ನ ಶೆಡ್ಡಿಗೆ ರಜೆ, ಊರೆಲ್ಲ ಮಗ್ಗದ ಸದ್ದಿಲ್ಲದೆ ಬಿಕೋ ಎನ್ನುತ್ತಿರುವಾಗ, ನಮ್ಮ ಕಂಪನಿಯ ಪತ್ರಗಳು ಯಾವ ಯಂತ್ರಕ್ಕೆ ಹೋಗಬೇಕು ಎಂದು ಜಗತ್ತಿಗೆ ಹೇಳುವ ದಾಖಲೆಯನ್ನು ಬದಲಿಸಿದೆ. ಕಾದೆ. ಒಂದು ಗಂಟೆಯ ನಂತರ ಪರದೆಯ ಮೇಲೆ ಮೊದಲ ಸಾಲು ಕಾಣಿಸಿತು: ನಿರಾಕರಿಸಲಾಗಿದೆ. ಮತ್ತೊಂದು. ಮತ್ತೆ ಹತ್ತು. ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಆ ಸಾಲುಗಳು ಓಡುವುದನ್ನೇ ನೋಡುತ್ತ ಕುಳಿತೆ. ಆ ಊಟದ ರುಚಿಯೇ ಬೇರೆ.

ಆದರೆ ಸೋಮವಾರ ಹಳೆಯ ಸರ್ವರ್ ಮತ್ತೆ ಮಲಗಿತು.

ಯಾಕೆಂದು ಹುಡುಕಲು ಒಂದು ದಿನ ಹಿಡಿಯಿತು. ಕಸ ಕಳಿಸುವವರಲ್ಲಿ ಹಲವರು ಹೊಸ ದಾಖಲೆಯನ್ನು ನೋಡಿಯೇ ಇರಲಿಲ್ಲ. ಹಳೆಯ ಸರ್ವರಿನ ವಿಳಾಸ ಅವರಿಗೆ ಬಾಯಿಪಾಠವಾಗಿತ್ತು, ನೇರವಾಗಿ ಅದನ್ನೇ ಬಡಿಯುತ್ತಿದ್ದರು. ಮುಂದಿನ ಬಾಗಿಲಿಗೆ ಕಾವಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೆ! ಹೊಸ ಯಂತ್ರದ ಹೊರತು ಬೇರೆ ಯಾರಿಂದಲೂ ಪತ್ರ ತೆಗೆದುಕೊಳ್ಳಬಾರದು ಎಂದು ಹಳೆಯ ಸರ್ವರಿಗೆ ಕಟ್ಟು ಹಾಕಿದೆ. ಅಲ್ಲಿಗೆ ಆ ಕಾಟ ನಿಂತಿತು.

ಎರಡನೆಯ ಪೆಟ್ಟು ಜೋರಾಗಿ ಬಿತ್ತು. ಪುಣೆಯ ವ್ಯಾಪಾರಿಯ ಒಪ್ಪಿಗೆ ಪತ್ರ ಬೆಳಿಗ್ಗೆ ಕಳಿಸಿದ್ದು ಮಧ್ಯಾಹ್ನವಾದರೂ ಬರಲಿಲ್ಲ. ಹನ್ನೆರಡು ಮಗ್ಗ ಖಾಲಿ ನಿಂತವು. ಮ್ಯಾನೇಜರು ನನ್ನ ಕೋಣೆಗೇ ಬಂದರು.

"ಏನ್ ನಿಂದರಸೀರಿ ಮೇಡಮ್? ಕಸಾನೋ, ಕಾರಖಾನೀನೋ?"

ಹೊಸ ಯಂತ್ರ ಬರೆದಿಡುವ ದಿನಚರಿ ತೆಗೆದು ಓದಿದಾಗ ಗೊತ್ತಾಯಿತು. ಆ ವ್ಯಾಪಾರಿ ಬಳಸುವ ದೊಡ್ಡ ಸೇವೆಯವರಿಗೆ ಹತ್ತಾರು ಯಂತ್ರಗಳು. ನನ್ನ ಜಾಲರಿ "ಆಮೇಲೆ ಬಾ" ಎಂದಾಗ ಅವರು ನಿಯತ್ತಾಗಿ ಮತ್ತೆ ಬರುತ್ತಿದ್ದರು, ಆದರೆ ಪ್ರತಿ ಸಲ ಬೇರೆ ಯಂತ್ರದಿಂದ. ಪ್ರತಿಯೊಂದನ್ನೂ ಹೊಸಬನೆಂದು ತಿಳಿದು ನನ್ನ ಜಾಲರಿ ಮತ್ತೆ ಮತ್ತೆ "ಆಮೇಲೆ ಬಾ" ಎನ್ನುತ್ತಿತ್ತು. ಕಳಿಸುವ ಸಂಸ್ಥೆ ತನ್ನದೆಂದು ಬಹಿರಂಗವಾಗಿ ಬರೆದಿಟ್ಟ ಯಂತ್ರಗಳನ್ನು ಕಾಯಿಸಬಾರದು, ಒಂದೇ ಗುಂಪಿನ ವಿಳಾಸಗಳನ್ನು ಒಬ್ಬರೆಂದೇ ಎಣಿಸಬೇಕು ಎಂದು ನಿಯಮ ತಿದ್ದಿದೆ. ಶೆಡ್ಡಿಗೆ ಹೋಗಿ ಮಗ್ಗದವರ ಮುಂದೆ "ತಪ್ಪು ನಂದ್ರಿ" ಎಂದೆ. ಒಬ್ಬ ಹಿರಿಯರು, "ಮಷೀನಿಗೆ ಬುದ್ಧಿ ಕಲಸೂದು ಹಿಂಗ ನೋಡ್ವಾ, ಅಂಚಿನ ಡಿಸೈನ್ ತಗಿಯೂ ನಮ್ಮ ಜಕಾರ್ಡಿಗೂ ಹಿಂಗ ಆಗಿತ್ತು" ಎಂದರು.

ಮುಂದಿನ ವಾರ ಸರ್ವರ್ ಒಮ್ಮೆಯೂ ಮಲಗಲಿಲ್ಲ. ಗುಮಾಸ್ತರು ತಮ್ಮ ಪೆಟ್ಟಿಗೆ ತೆರೆದು ಬರೀ ಕೆಲಸದ ಪತ್ರಗಳನ್ನೇ ಕಂಡು ಕಂಗಾಲಾದರು. "ಎಲ್ಲಾ ಬಿಟ್ಟು ಹ್ವಾದ್ರಲ್ರಿ, ಬೊಕ್ಕತಲಿ ಔಷಧದವನೂ ನನ್ನ ಮರತ!" ಎಂದು ಇಡೀ ಆಫೀಸಿಗೆ ಕೇಳುವಂತೆ ಹೇಳಿದರು. ಮ್ಯಾನೇಜರ ಮೇಜಿನಿಂದ ಬಣ್ಣದ ಪುಸ್ತಿಕೆ ಮಾಯವಾಯಿತು.

ನಾನು ಬೀಗಿದೆ. ಬೀಗಿದವಳು ತಡೆಕೋಣೆ ತೆರೆದು ನೋಡುವುದನ್ನು ಇವತ್ತಲ್ಲ ನಾಳೆ ಎಂದು ಮುಂದೂಡಿದೆ. ಯಾರೂ ದೂರುತ್ತಿರಲಿಲ್ಲ. ದೂರು ಇಲ್ಲ ಎಂದರೆ ಎಲ್ಲ ಸರಿ ಇದೆ ಎಂದುಕೊಂಡೆ. ದೂರು ಕೊಡುವವರ ಪತ್ರವನ್ನೇ ನಾನು ಹಿಡಿದಿಟ್ಟಿರಬಹುದು ಎಂದು ಹೊಳೆಯಲಿಲ್ಲ.

ಕೊನೆಗೊಂದು ಬೆಳಿಗ್ಗೆ ತೆರೆದೆ. ಕಸದ ನಡುವೆ ಒಂದೇ ವಿಳಾಸದಿಂದ ಬಂದ ಹನ್ನೊಂದು ಪತ್ರಗಳು. ಮೊದಲನೆಯದು ಹನ್ನೆರಡು ದಿನದ ಹಿಂದಿನದು. ವಿಷಯದ ಸಾಲು ಕನ್ನಡದಲ್ಲಿತ್ತು: "ನಮ್ಮ ಓಣಿಯ ಬೋರಿನ ನೀರು ಕೆಂಪಾಗಿ ಬರುತ್ತಿದೆ."

ಒಂದೊಂದೇ ಓದಿದೆ. ಬರೆದವರು ನಮ್ಮ ಬಣ್ಣದ ಮನೆಯ ಹಿಂದಿನ ಓಣಿಯ ನೇಕಾರ ಹೆಣ್ಣುಮಗಳು. ನಮ್ಮದೇ ನೂಲು ಒಯ್ದು ನಮಗೇ ಸೀರೆ ನೇಯುವವರು. ಬಣ್ಣದ ನೀರಿನ ಗುಂಡಿ ಸೋರುತ್ತಿದೆ, ಓಣಿಯ ಬೋರಿಗೆ ಇಳಿಯುತ್ತಿದೆ, ಮಕ್ಕಳ ಮೈಮೇಲೆ ಗುಳ್ಳೆ ಎದ್ದಿವೆ, ದಯವಿಟ್ಟು ಬಂದು ನೋಡಿ. ಪ್ರತಿ ಪತ್ರಕ್ಕೂ ಫೋಟೊ. ಕೊಡದಲ್ಲಿ ತುಂಬಿದ ಗುಲಾಬಿ ನೀರು. ಒಂದು ಎಳೆಯ ಮೊಣಕೈ.

ಜಾಲರಿ ಪ್ರತಿ ಪತ್ರದ ಕೆಳಗೆ ತಾನು ತಡೆದ ಕಾರಣವನ್ನು ಬರೆದಿಡುತ್ತದೆ. ದೊಡ್ಡ ಚಿತ್ರ, ಕಡಿಮೆ ಬರಹ: ಒಂದು ಅಂಕ. ಒಂದೇ ವಿಷಯ ಮತ್ತೆ ಮತ್ತೆ: ಒಂದು ಅಂಕ. ಎಲ್ಲಕ್ಕಿಂತ ಹೆಚ್ಚಿನ ಅಂಕ ಬಿದ್ದದ್ದು ಕೊನೆಯ ಸಾಲಿಗೆ: ಒಪ್ಪಿಗೆ ಇಲ್ಲದ ಭಾಷೆ.

ನಮ್ಮಲ್ಲಿಗೆ ಬರುವ ವ್ಯಾಪಾರದ ಪತ್ರಗಳೆಲ್ಲ ಇಂಗ್ಲಿಷಿನವು, ಕನ್ನಡ ಬರೆಯುವವರೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಅದಕ್ಕೇ ಇಷ್ಟು ದಿನ ಯಾರಿಗೂ ತಿಳಿದಿರಲಿಲ್ಲ. ಆದರೆ ಆ ಗುರುತು ಹಾಕಿದ ಕೈ ನನ್ನದು. ಬನಹಟ್ಟಿಯಲ್ಲಿ ಕುಳಿತು ಕನ್ನಡ ನಮಗೆ ಒಪ್ಪಿಗೆ ಇಲ್ಲದ ಭಾಷೆ ಎಂದು ನಾನೇ ಹೇಳಿಬಂದಿದ್ದೆ.

ಊಟದ ಬಿಡುವಿನಲ್ಲಿ ಆ ಓಣಿಗೆ ನಡೆದೆ. ಆಫೀಸಿನಿಂದ ಐದು ನಿಮಿಷದ ದಾರಿ. ಮಗ್ಗದ ಸದ್ದು ಎರಡೂ ಕಡೆಯಿಂದ ಬರುತ್ತಿತ್ತು. ಹೆಸರು ಹೇಳಿ ಕೇಳಿದಾಗ ಒಂದು ಮನೆ ತೋರಿಸಿದರು. ನಲವತ್ತರ ಆಸುಪಾಸಿನ ಹೆಣ್ಣುಮಗಳು ಮಗ್ಗ ನಿಲ್ಲಿಸಿ ಹೊರಗೆ ಬಂದರು.

"ನಾ ಕಂಪನಿಯಾಗ ಕಂಪ್ಯೂಟರ್ ನೋಡಕೊಳ್ಳಾಕಿ ರೀ. ನಿಮ್ಮ ಪತ್ರ ಇವತ್ತ ನೋಡಿದೆ."

"ಇವತ್ತೇನ್ರಿ?" ಅವರು ನನ್ನ ಮುಖವನ್ನೇ ನೋಡಿದರು. "ಗೇಟಿನ್ಯಾಗ ಹೇಳಿದ್ರ ಮೇಲ್ ಬರೀರಿ ಅಂದ್ರು, ನಾ ಬರಿಯಾಕತ್ತು ಹನ್ನೆರಡು ದಿನ ಆತು. ಮೊದಲನೇ ಎರಡಕ್ಕ ಜವಾಬು ಬರಲಿಲ್ಲಂದ್ರ, ನಾನ ಏನರ ತಪ್ಪು ಬರದೇನಿ ಅನ್ಕೊಂಡೆ. ಮಗಳ ಕಡಿಂದ ಓದಿಸಿ, ಕಾಗುಣಿತ ತಿದ್ದಿಸಿ, ಮತ್ತ ಬರದೆ. ಆಮ್ಯಾಲ ಫೋಟೊ ಛಲೋ ಬಂದಿಲ್ಲೇನೋ ಅಂತ ಬಿಸಲಾಗ ನಿಂತು ತಗದು ಕಳಸಿದೆ."

ನಾನು ಕಾಗುಣಿತ ಸರಿ ಇತ್ತೆಂದೆ. ತಪ್ಪು ನಿಮ್ಮದಲ್ಲ, ನಮ್ಮ ಯಂತ್ರ ಕನ್ನಡವನ್ನು ಕಸವೆಂದು ತಡೆಯಿತು ಎಂದೆ.

"ಮಷೀನಿಗೆ ಕನ್ನಡ ಬರಂಗಿಲ್ಲೇನ್ರಿ?"

"ನಾ ಕಲಸಲಿಲ್ರಿ."

ಅವರು ನನ್ನನ್ನು ಓಣಿಯ ಬೋರಿನ ಬಳಿ ಕರೆದೊಯ್ದರು. ಬೋರಿನ ಮೋಟರ್ ಹಚ್ಚಿ ಕೊಡ ಹಿಡಿದರು. ಮೊದಲು ತಿಳಿಯಾಗಿ ಬಂದ ನೀರು ನೋಡುನೋಡುತ್ತಲೇ ಗುಲಾಬಿಗೆ ತಿರುಗಿತು. "ಕುಡಿಯಾಕ ನಳದ ನೀರು ಹಿಡದಿಡತೇವ್ರಿ. ಸ್ನಾನಕ್ಕ, ಅರಬಿ ಒಗಿಯಾಕ, ದನಕ್ಕ ಇದ. ನಿಮ್ಮ ಬಣ್ಣದ ಮನ್ಯಾಗ ಹಸರು ಹಾಕಿದ ವಾರ ನಮ್ಮಲ್ಲಿ ಹಸರು" ಎಂದರು. ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಪುಟ್ಟ ಹುಡುಗಿ ತೋಳು ಕೆರೆದುಕೊಳ್ಳುತ್ತಿದ್ದಳು.

"ನೀವು ಆಗಂಗಿಲ್ಲ ಅಂದಿದ್ರ ನಾ ಬ್ಯಾರೆ ಕಡೆ ಹೋಗತಿದ್ದೆ ರೀ. ಏನೂ ಅನ್ನಲಿಲ್ಲ. ಅದಕ್ಕ ಕಾದೆ" ಎಂದರು ಬೀಳ್ಕೊಡುವಾಗ.

ದಾರಿಯುದ್ದಕ್ಕೂ ಆ ಮಾತೇ ಕೊರೆಯಿತು. ಬಾಗಿಲಲ್ಲಿ ಬೇಡ ಎಂದರೆ ಕಳಿಸಿದವರಿಗೆ ಗೊತ್ತಾಗುತ್ತದೆ. ತೆಗೆದುಕೊಂಡು, ಸುಮ್ಮನೆ ಒಂದು ಕತ್ತಲೆ ಕೋಣೆಯಲ್ಲಿ ಇಟ್ಟುಬಿಟ್ಟರೆ, ಪತ್ರ ಮುಟ್ಟಿದೆ ಎಂದು ಅವರು ನಂಬಿ ಕೂರುತ್ತಾರೆ. ನಾನು ಕಟ್ಟಿದ್ದು ಅಂಥ ಕೋಣೆ.

ನೇರ ಮ್ಯಾನೇಜರ ಬಳಿ ಹೋದೆ. ತಪ್ಪು ಒಪ್ಪಿಕೊಂಡೆ, ಪತ್ರಗಳ ಪ್ರತಿ ಮುಂದಿಟ್ಟೆ, ಬಿಡುಗಡೆ ಮಾಡುತ್ತಿದ್ದೇನೆ ಎಂದೆ. ಅವರು ಮೊದಲ ಎರಡು ಪತ್ರ ಓದಿ ಉಳಿದವನ್ನು ಮಗುಚಿ ಇಟ್ಟರು.

"ಯಾಕ ಬಿಡಾಕ ಹೊಂಟೀರಿ? ಅಲ್ಲೇ ಇರಲಿ ಬಿಡ್ರಿ."

"ಅವು ಕಸ ಅಲ್ರಿ."

"ನೀವೇನು ತಡದಿಲ್ಲಲ್ಲ? ಮಷೀನ್ ತಡದೈತಿ. ಯಾರೂ ನಿಮಗ ಕೇಳಂಗಿಲ್ಲ, ನನಗೂ ಕೇಳಂಗಿಲ್ಲ." ಅವರ ದನಿ ಸಿಟ್ಟಿನದಾಗಿರಲಿಲ್ಲ, ಸಮಾಧಾನದ್ದು. "ಮುಂದಿನ ತಿಂಗಳು ದೊಡ್ಡ ವ್ಯಾಪಾರಿಗಳು ಕಾರಖಾನಿ ನೋಡಾಕ ಬರಾಕತ್ತಾರ. ಈಗ ಇದೆಲ್ಲಾ ಬ್ಯಾಡ. ಆಕಿ ಅಡ್ರೆಸ್ ಕಸದ ಪಟ್ಟಿಗೆ ಹಾಕಿಬಿಡ್ರಿ, ಆತು."

ಎಷ್ಟು ಸುಲಭವಾಗಿತ್ತು ಅದು! ಒಂದು ಸಾಲು ಬರೆದರೆ ಸಾಕು. ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ ಎಂಬುದೂ ಆ ಕ್ಷಣ ನೆನಪಾಯಿತು. ಆದರೆ ಈ ಜಾಲರಿಯ ಒಂದೊಂದು ನಿಯಮವನ್ನೂ ನನ್ನ ಕೈಯಿಂದ ಕಟ್ಟಿದ್ದೆ. ಅದನ್ನು ಹಿಡಿದು ಆ ಹೆಣ್ಣುಮಗಳ ಬಾಯಿಗೆ ಒತ್ತಲು ಕೈ ಬರಲಿಲ್ಲ.

"ಹಾಕಂಗಿಲ್ರಿ."

"ಏನಂದ್ರಿ?"

"ಇದನ್ನ ಕಸ ತಡೀಲಿ ಅಂತ ಮಾಡೇನ್ರಿ. ಮಂದಿ ಬಾಯಿ ಮುಚ್ಚಲಿ ಅಂತಲ್ಲ."

"ನೌಕರಿ ಮಾಡಾಕ ಬಂದೀರೋ, ಪಂಚಾಯ್ತಿ ಮಾಡಾಕೋ?"

ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಬರೆದೆ: "ಮ್ಯಾನೇಜರ ಆದೇಶದಂತೆ ನಿಮ್ಮ ಪತ್ರಗಳನ್ನು ಈ ಕಂಪನಿ ತೆಗೆದುಕೊಳ್ಳುವುದಿಲ್ಲ." ಅವರ ಮುಂದೆ ಸರಿಸಿದೆ.

"ಇದಕ್ಕ ಸಹಿ ಮಾಡ್ರಿ. ಈಗಿಂದೀಗ ಆಕಿನ್ನ ತಡೀತೇನಿ. ಆದ್ರ ಬಾಗಲದಾಗ ತಡೀತೇನಿ, ಈ ಸಾಲು ಆಕಿಗೆ ಹೋಗತೈತಿ. ಯಾರು ತಡದ್ರು ಅಂತ ಗೊತ್ತಾಗಬೇಕ್ರಿ."

ಅವರು ಕಾಗದವನ್ನು ಓದಿದರು. ಪೆನ್ನು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಕಾಗದವನ್ನು ಬೆರಳ ತುದಿಯಿಂದ ನನ್ನ ಕಡೆ ನೂಕಿದರು.

"ಬಿಟ್ರ ನೋಡ್ರಿ ಮತ್ತ."

"ನೋಡೇ ಬಿಡತೇನ್ರಿ" ಎಂದು ಹೊರಬಂದೆ.

ಕೋಣೆಗೆ ಬಂದು ಹನ್ನೊಂದೂ ಪತ್ರಗಳನ್ನು ಗುರುತು ಹಾಕಿ ಬಿಡುಗಡೆಯ ಗುಂಡಿ ಒತ್ತಿದೆ. ಅವನ್ನು ಬರೆದಿದ್ದುದು ಕಂಪನಿಯ ಮುಖ್ಯ ವಿಳಾಸಕ್ಕೆ. ಆ ಪೆಟ್ಟಿಗೆ ಮ್ಯಾನೇಜರಿಗೂ ತೆರೆಯುತ್ತದೆ, ಜಮಖಂಡಿಯಲ್ಲಿರುವ ಮಾಲೀಕರ ಫೋನಿನಲ್ಲೂ ತೆರೆಯುತ್ತದೆ.

ಆಮೇಲೆ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿದೆ, ಮರಾಠಿ, ಹಿಂದಿ, ಉರ್ದುವನ್ನೂ ಸೇರಿಸಿದೆ. ನಮ್ಮಲ್ಲಿದ್ದ ಕನ್ನಡ ಪತ್ರಗಳನ್ನೆಲ್ಲ ಹುಡುಕಿ ಇವು ಒಳ್ಳೆಯವು ಎಂದು ಜಾಲರಿಗೆ ಕಲಿಸಿದೆ. ಕೊನೆಗೆ ತಡೆಕೋಣೆಯನ್ನೇ ತೆಗೆದುಹಾಕಿದೆ. ಇನ್ನು ಮುಂದೆ ಎರಡೇ ದಾರಿ: ಪತ್ರ ಒಳಗೆ ಬರುತ್ತದೆ, ಇಲ್ಲವೇ ಕಳಿಸಿದ ಯಂತ್ರ ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ ಕಾರಣ ಹೇಳಿ ವಾಪಸ್ಸು ಹೋಗುತ್ತದೆ. ಹಾಗೆ ಮಾಡಿದರೆ ಅವರದೇ ಸರ್ವರ್ ಅವರಿಗೆ ಸುದ್ದಿ ಮುಟ್ಟಿಸುತ್ತದೆ. ಆ ಕಾರಣದ ಸಾಲಿನಲ್ಲಿ ಕನ್ನಡ ಲಿಪಿಯನ್ನು ಎಲ್ಲ ಯಂತ್ರಗಳೂ ಒಪ್ಪುವುದಿಲ್ಲ. ಆದ್ದರಿಂದ ಇಂಗ್ಲಿಷ್ ವಾಕ್ಯದ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದೆ: ನಿಮ್ಮ ಪತ್ರ ಮುಟ್ಟಿಲ್ಲ, ನಿಜವಾದ ಕೆಲಸವಿದ್ದರೆ ಈ ನಂಬರಿಗೆ ಫೋನ್ ಮಾಡಿ. ನಂಬರು ನನ್ನ ಮೇಜಿನದು.

ಮರುದಿನ ಬೆಳಿಗ್ಗೆ ಸರ್ವರ್ ಕೋಣೆಗೆ ಹೊಸ ಬೀಗ ಬಿದ್ದಿತ್ತು. ಕೀಲಿ ಮ್ಯಾನೇಜರ ಬಳಿ. "ನೀವು ಹೊರಗ ಕುಂದರ್ರಿ" ಎಂದು ಹೇಳಿ ಕಳಿಸಿದರು. ಎರಡು ದಿನ ಗುಮಾಸ್ತರ ಮೇಜಿನ ಎದುರು ಕೆಲಸವಿಲ್ಲದೆ ಕುಳಿತೆ. ಬೀಗದ ಒಳಗೆ ಜಾಲರಿ ತನ್ನ ಪಾಡಿಗೆ ನಡೆಯುತ್ತಿತ್ತು, ಪತ್ರಗಳು ಬರುತ್ತಿದ್ದವು, ಮಗ್ಗಗಳು ತಿರುಗುತ್ತಿದ್ದವು. ಅದೊಂದು ಸಮಾಧಾನ. ಆಫೀಸಿನಲ್ಲಿ ಯಾರೂ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಗುಮಾಸ್ತರು ಮಾತ್ರ ಪ್ರತಿ ಚಹಾದ ಹೊತ್ತಿಗೆ ಎರಡು ಕಪ್ಪು ತರಿಸಿ ಒಂದನ್ನು ನನ್ನ ಮುಂದೆ ಸದ್ದಾಗುವಂತೆ ಇಡುತ್ತಿದ್ದರು.

"ಕ್ಷಮಾ ಕೇಳಿಬಿಡ್ರಲಾ ಮೇಡಮ್" ಎಂದರು ಎರಡನೆಯ ದಿನ, ಮೆಲ್ಲಗೆ.

"ಯಾವುದಕ್ಕ್ರಿ?"

ಅವರು ಯೋಚಿಸಿದರು. "ಅದೂ ಖರೆ" ಎಂದು ಚಹಾ ಕುಡಿದರು.

ಗುರುವಾರ ಮಾಲೀಕರು ಬಂದರು. ಹಣೆಯ ತುಂಬ ವಿಭೂತಿ, ತಲೆತಲಾಂತರದ ವ್ಯಾಪಾರಸ್ಥರು. ಮಾತು ಕಡಿಮೆ. ನನ್ನನ್ನೂ ಮ್ಯಾನೇಜರನ್ನೂ ಒಟ್ಟಿಗೆ ಕರೆದರು. ಮೇಜಿನ ಮೇಲೆ ಅವರ ಫೋನು, ಅದರಲ್ಲಿ ಗುಲಾಬಿ ನೀರಿನ ಕೊಡ.

"ಹನ್ನೊಂದು ಪತ್ರ ಒಮ್ಮಿಗೆ ಬಂದ್ವು. ತಾರೀಖು ಹಳೇವು. ಇಷ್ಟು ದಿನ ಎಲ್ಲಿದ್ವು ಇವು?"

ಮ್ಯಾನೇಜರು ನನ್ನತ್ತ ನೋಡಿದರು. ಮಷೀನಿನ ತಪ್ಪು ಎಂದು ನಾನು ಹೇಳಲಿ ಎಂಬ ಆಸೆ ಆ ನೋಟದಲ್ಲಿ ಇತ್ತು. ಹಾಗೆ ಹೇಳಿದ್ದರೆ ಇಬ್ಬರೂ ಪಾರಾಗುತ್ತಿದ್ದೆವು.

"ನನ್ನ ಹತ್ರ ಇದ್ವು ರೀ. ಕನ್ನಡ ಪತ್ರ ತಡಿಯೂ ಹಂಗ ಮಷೀನ್ ಇಟ್ಟಾಕಿ ನಾನು. ದಿನಾ ನೋಡಬೇಕಾಗಿತ್ತು, ನೋಡಲಿಲ್ಲ. ನೋಡಿದ ಮ್ಯಾಲ, ಅಲ್ಲೇ ಇರಲಿ ಅಂತ ಇವರು ಹೇಳಿದ್ರು. ನಾ ಕೇಳಲಿಲ್ಲ."

"ಯಾಕ ಕೇಳಲಿಲ್ಲ?"

"ಪತ್ರದ ಮ್ಯಾಲ ನಿಮ್ಮ ಕಂಪನಿ ಹೆಸರಿತ್ತು ರೀ. ನಂದೂ ಅಲ್ಲ, ಇವರದೂ ಅಲ್ಲ."

ಮ್ಯಾನೇಜರು ಏನೋ ಹೇಳಲು ಹೋದರು, ಮಾಲೀಕರು ಕೈ ಎತ್ತಿದರು. ಫೋನಿನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು.

"ನಮ್ಮ ಅಪ್ಪ ಇದ್ದಾಗ ಮಂದಿ ಅಂಗಡಿ ಮುಂದ ಬಂದು ನಿಂತು ಒದರತಿದ್ರು. ಬಾಗಲಾ ಹಾಕ್ಕೊಂಡ್ರೂ ಕೇಳತಿತ್ತು" ಎಂದರು. ಅದು ಹೊಗಳಿಕೆಯೋ ಗೊಣಗಾಟವೋ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ನೀವೂ ಹನ್ನೆರಡು ದಿನ ನೋಡಿಲ್ಲ. ಅದನ್ನ ನಾ ಮರಿಯಂಗಿಲ್ಲ."

"ಮರೀಬ್ಯಾಡ್ರಿ. ಆದ್ರ ಎರಡು ಮಾತು ಅದಾವ್ರಿ. ಕೋಣೆ ಕೀಲಿ ನನಗ ಬೇಕು. ಮತ್ತ, ಯಾರದರ ಪತ್ರ ತಡೀಬೇಕಂದ್ರ ಕಾರಣ ಬರದು ಸಹಿ ಮಾಡಬೇಕು. ನೀವು ಹೇಳಿದ್ರೂ ಅಷ್ಟ."

"ನನಗ ಷರತ್ತು ಹಾಕ್ತೀರೇನ್ರಿ?"

"ಹೌದ್ರಿ."

ಅವರು ನನ್ನನ್ನು ನೋಡಿದರು, ಮ್ಯಾನೇಜರನ್ನು ನೋಡಿದರು. "ಕೀಲಿ ಕೊಡ್ರಿ" ಎಂದರು. ಎದ್ದು, ಚಪ್ಪಲಿ ಮೆಟ್ಟಿ, ಯಾರನ್ನೂ ಕರೆಯದೆ ಬಣ್ಣದ ಮನೆಯ ಹಿಂದಿನ ಓಣಿಗೆ ನಡೆದುಹೋದರು.

ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮರುವಾರ ಬಣ್ಣದ ಗುಂಡಿ ಖಾಲಿ ಮಾಡಿಸಿ ಒಳಗೆ ಸಿಮೆಂಟು ಹಾಕುವ ಕೆಲಸ ಸುರುವಾಯಿತು. ಅದು ಮುಗಿಯುವ ತನಕ ಬಣ್ಣ ಹಾಕುವುದು ಬೇರೆ ಕಡೆ. ಬೋರು ತಿಳಿಯಾಗುವ ತನಕ ಓಣಿಗೆ ದಿನ ಬಿಟ್ಟು ದಿನ ಟ್ಯಾಂಕರ್ ನೀರು, ಅದರ ಉಸ್ತುವಾರಿ ಮ್ಯಾನೇಜರದು. ಅವರ ಕುರ್ಚಿ ಅವರಿಗೇ ಉಳಿಯಿತು, ನನ್ನದು ನನಗೆ. ಅಂದಿನಿಂದ ಅವರು ನನ್ನೊಡನೆ ನೇರ ಮಾತಾಡಿಲ್ಲ, ಏನಿದ್ದರೂ ಗುಮಾಸ್ತರ ಮೂಲಕ. ಹೊರಗಿನ ವ್ಯಾಪಾರಿಗಳು ಬಂದ ದಿನ ಗುಂಡಿಯ ಸಿಮೆಂಟು ಇನ್ನೂ ಹಸಿಯಾಗಿತ್ತು. ಒಬ್ಬರು ಇದೇನು ಎಂದು ಕೇಳಿದರು, ಮಾಲೀಕರು ಇದ್ದದ್ದನ್ನು ಇದ್ದಂತೆ ಹೇಳಿದರು. ಯಾರೂ ಓಡಿಹೋಗಲಿಲ್ಲ.

ನನ್ನ ಮೇಜಿನ ಫೋನು ಆಗಾಗ ರಿಂಗಾಗುತ್ತದೆ. ಒಮ್ಮೆ ನೂಲಿನ ಏಜೆಂಟರೊಬ್ಬರು, ನಿಮ್ಮ ಮಷೀನು ನನಗೆ ಕನ್ನಡದಲ್ಲಿ ಬೈಯಿತು ಎಂದು ಜಗಳಕ್ಕೇ ಬಂದರು. ಅವರ ಯಂತ್ರದ ಹೆಸರೂ ವಿಳಾಸವೂ ತಾಳೆಯಾಗುತ್ತಿರಲಿಲ್ಲ. ಸರಿಮಾಡಿಕೊಳ್ಳುವ ದಾರಿ ಹೇಳಿಕೊಟ್ಟೆ. ಕಾರಣ ಕೇಳುವ ಹಕ್ಕು ಅವರಿಗೂ ಇದೆ.

ಹೋದ ಬುಧವಾರ ಹಿಂದಿನ ಓಣಿಯ ಹೆಣ್ಣುಮಗಳಿಂದ ಮತ್ತೊಂದು ಪತ್ರ ಬಂತು. ಕನ್ನಡದಲ್ಲೇ, ಒಂದೇ ಸಾಲು: "ನಿನ್ನೆ ಟ್ಯಾಂಕರ್ ಬರಲಿಲ್ಲ, ಇವತ್ತೂ ಬಂದಿಲ್ಲ." ಜಾಲರಿ ಅದಕ್ಕೆ ಒಂದು ಅಂಕವನ್ನೂ ಕೊಟ್ಟಿರಲಿಲ್ಲ. ನಾನು ಅದನ್ನು ಕಾಗದದ ಮೇಲೆ ತೆಗೆದು, ಗುಮಾಸ್ತರ ಕೈಗೆ ಕೊಡದೆ, ನಾನೇ ಹೋಗಿ ಮ್ಯಾನೇಜರ ಮುಂದಿಟ್ಟು ನಿಂತೆ. ಅವರು ಓದಿದರು. ನನ್ನ ಕಡೆ ನೋಡದೆ ಫೋನ್ ಎತ್ತಿ ಟ್ಯಾಂಕರಿನವನ ನಂಬರು ಒತ್ತಿದರು.